ಕಾಫಿ ಕೆಲಸದ ನಡುವೆ ಒಂದು ಪಿಕಲ್‌ಬಾಲ್ ಲ್ಯಾಡರ್

ಚಿಕ್ಕಮಗಳೂರಿನಲ್ಲಿ ಯಾವ ಆಟ ಏರ್ಪಡಿಸಿದರೂ ಮೊದಲು ತೋಟದ ಕೆಲಸ ನೋಡಿಕೊಳ್ಳಬೇಕು. ನವೆಂಬರ್‌ನಲ್ಲಿ ಅರೇಬಿಕಾ ಕುಯ್ಲು ಶುರುವಾದರೆ ರೋಬಸ್ಟಾ ಮುಗಿಯುವ ತನಕ ನಮ್ಮ ಕ್ಲಬ್ಬಿನ ಅರ್ಧ ಜನ ಕಾಫಿ ಕಣದಲ್ಲೇ ಇರುತ್ತಾರೆ. ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಓಡಿಸಬೇಕು. ಜೂನ್ ಬಂತು ಅಂದರೆ ಮಳೆ. ಪಿಕಲ್‌ಬಾಲ್ ಅಂದರೆ ಬ್ಯಾಟಿನಿಂದ ತೂತಿನ ಪ್ಲಾಸ್ಟಿಕ್ ಚೆಂಡನ್ನು ನೆಟ್‌ನಾಚೆ ಹೊಡೆಯುವ ಆಟ. ಅದರ ಜವಾಬ್ದಾರಿ ನನಗೆ ಕೊಟ್ಟಾಗ ನಾಕ್‌ಔಟ್ ಬೇಡ, ಲ್ಯಾಡರ್ (ಏಣಿಯ ಹಾಗೆ ಗೆದ್ದವರು ಮೇಲಿನ ಗುಂಪಿಗೆ ಏರಿ, ಸೋತವರು ಕೆಳಗಿನದಕ್ಕೆ ಇಳಿಯುವ ಪದ್ಧತಿ) ಮಾಡೋಣ ಅಂತ ನಾನು ಹಟ ಹಿಡಿದದ್ದು ಇದಕ್ಕೇ.

ನಾಕ್‌ಔಟ್‌ನಲ್ಲಿ ಆಲ್ದೂರಿನಿಂದ ಬಂದವರು ಒಂದೇ ಆಟ ಸೋತು ವಾಪಸ್ ಹೋಗಬೇಕು. ಹೊಸಬರೇ ಮೊದಲು ಸೋಲುವುದು, ಅಲ್ವಾ? ಯಾರಿಗೆ ಜಾಸ್ತಿ ಆಟ ಬೇಕೋ ಅವರಿಗೇ ಕಡಿಮೆ ಸಿಗುತ್ತದೆ. ಲ್ಯಾಡರ್‌ನಲ್ಲಿ ಹಾಗಿಲ್ಲ. ಪ್ರತಿ ವಾರ ಎಲ್ಲರೂ ಆಡುತ್ತಾರೆ, ಅದೂ ತಮ್ಮ ಮಟ್ಟದವರ ಜೊತೆ.

ಕೋರ್ಟ್ ಹುಡುಕುವ ಕಷ್ಟ ಬರಲಿಲ್ಲ. ಪಿಕಲ್‌ಬಾಲ್ ಅಂಗಳ 20 ಅಡಿ ಅಗಲ, 44 ಅಡಿ ಉದ್ದ. ಬ್ಯಾಡ್ಮಿಂಟನ್ ಡಬಲ್ಸ್ ಅಂಗಳವೂ ಅಷ್ಟೇ. ಈ ಆಟ 1965ರಲ್ಲಿ ಅಮೆರಿಕದ ಬೇನ್‌ಬ್ರಿಡ್ಜ್ ದ್ವೀಪದಲ್ಲಿ ಹುಟ್ಟಿದ್ದೇ ಮನೆಯ ಹಿಂದಿನ ಒಂದು ಹಳೇ ಬ್ಯಾಡ್ಮಿಂಟನ್ ಅಂಗಳದಲ್ಲಿ. ಆದರೆ ಒಳಗಿನ ಗೆರೆ ಹೊಂದುವುದಿಲ್ಲ. ಬ್ಯಾಡ್ಮಿಂಟನ್‌ನ ಸರ್ವಿಸ್ ಗೆರೆ ನೆಟ್‌ನಿಂದ ಆರೂವರೆ ಅಡಿಗೆ ಬರುತ್ತದೆ. ನಮ್ಮ ಕಿಚನ್ ಗೆರೆ, ಅಂದರೆ ಅದರೊಳಗೆ ನಿಂತು ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯಬಾರದು ಅನ್ನುವ ಗೆರೆ, 7 ಅಡಿಗೆ ಬರಬೇಕು. ಅರ್ಧ ಅಡಿ ಹಿಂದೆ ಹಳದಿ ಟೇಪ್ ಅಂಟಿಸಿದೆವು. ಬ್ಯಾಡ್ಮಿಂಟನ್ ನೆಟ್ಟನ್ನೇ ಇಳಿಸಿ ಕಟ್ಟಿದರೆ ಕೆಳಗೆ ಅರ್ಧ ಅಡಿ ಸಂದು ಉಳಿದು ಚೆಂಡು ತೂರಿ ಹೋಗುತ್ತದೆ. ಹಾಗಾಗಿ ಬೇರೆ ನೆಟ್ ತರಿಸಿದೆವು. ನಡುವೆ 34 ಇಂಚು, ಬದಿಯಲ್ಲಿ 36 ಇಂಚು ಎತ್ತರ. ಟೇಪ್ ಹಿಡಿದು ಅಳೆದೇ ಕಟ್ಟುತ್ತೇವೆ.

ಗುಂಪಿಗೆ ನಾಲ್ಕು ಜನ. ಮೂರು ಆಟ, ಪ್ರತಿ ಆಟಕ್ಕೂ ಜೊತೆಗಾರ ಬದಲು. ಮೂರು ಆಟ ಮುಗಿಯುವಷ್ಟರಲ್ಲಿ ಪ್ರತಿಯೊಬ್ಬರೂ ಉಳಿದ ಮೂವರ ಜೊತೆಯೂ ಆಡಿರುತ್ತಾರೆ. ಅಂಕ ಮಾತ್ರ ಅವರವರದ್ದು. 11–9ರಲ್ಲಿ ಸೋತರೂ ನಿಮ್ಮ ಲೆಕ್ಕಕ್ಕೆ 9 ಬಂತು. ಕೊನೆಗೆ ಎಲ್ಲರಿಗಿಂತ ಜಾಸ್ತಿ ಅಂಕ ಪಡೆದವರು ಮೇಲಿನ ಗುಂಪಿಗೆ, ಎಲ್ಲರಿಗಿಂತ ಕಡಿಮೆ ಪಡೆದವರು ಕೆಳಗಿನದಕ್ಕೆ. ನಿಯಮದ ಪ್ರಕಾರ 11ರ ಆಟವನ್ನು ಎರಡು ಅಂಕದ ಅಂತರದಲ್ಲಿ ಗೆಲ್ಲಬೇಕು. ನಾವು ಲ್ಯಾಡರ್‌ಗೆ ಮಾತ್ರ ಅದನ್ನು ಬಿಟ್ಟು 11ಕ್ಕೇ ನಿಲ್ಲಿಸುತ್ತೇವೆ. ಇಲ್ಲದಿದ್ದರೆ ಯಾರದೋ ಒಂದು ಆಟ 16–14ರ ತನಕ ಎಳೆದು ಇಡೀ ವಾರದ ಲೆಕ್ಕವೇ ವಾಲುತ್ತದೆ. ಹಿಂದಿನ ಗುಂಪು ಕಾಯುತ್ತಾ ನಿಲ್ಲುವುದು ಬೇರೆ.

ನಮ್ಮಲ್ಲಿ 22 ಜನ. ನಾಲ್ಕರಿಂದ ಭಾಗಿಸಿದರೆ ಇಬ್ಬರು ಉಳಿಯುತ್ತಾರೆ. ಅದಕ್ಕೆ ಎರಡು ಗುಂಪಿನಲ್ಲಿ ಐದೈದು ಜನ. ಐವರಿದ್ದರೆ ಐದು ಆಟ. ಪ್ರತಿ ಆಟದಲ್ಲಿ ಒಬ್ಬರು ಕೂರುತ್ತಾರೆ, ಪ್ರತಿಯೊಬ್ಬರಿಗೂ ನಾಲ್ಕೇ ಆಟ, ನಾಲ್ವರೂ ಒಂದೊಂದು ಸಲ ಜೊತೆಗಾರರಾಗುತ್ತಾರೆ. ಕಾಗದದ ಮೇಲೆ ಬರೆದು ನೋಡಿ, ಅಷ್ಟು ಚೆನ್ನಾಗಿ ಕೂರುತ್ತದೆ! ಈ ಪಟ್ಟಿ ಬರೆಯುವುದು ನನಗೆ ಆಡುವಷ್ಟೇ ಖುಷಿ.

ನಿಜವಾದ ಚರ್ಚೆ ನಡೆದದ್ದು ಗೈರುಹಾಜರಿ ಬಗ್ಗೆ. ‘ಅಕ್ಕ, ಆಳು ಸಿಕ್ಕಿದ್ದಾರೆ, ಈ ವಾರ ಬರೋಕಾಗಲ್ಲ’ ಅಂತ ಫೋನ್ ಬರುತ್ತದೆ. ಆಳು ಸಿಗುವುದೇ ಕಷ್ಟದ ಕಾಲದಲ್ಲಿ ಬನ್ನಿ ಅಂತ ಹೇಗೆ ಕರೆಯುವುದು? ಹಾಗಂತ ಅವರು ಸುಮ್ನೆ ಮೇಲಿನ ಗುಂಪಿನಲ್ಲೇ ಕೂತರೆ, ಕೆಳಗೆ ಗೆದ್ದವರಿಗೆ ಜಾಗ ಎಲ್ಲಿ? ಬಾರದವರನ್ನು ಪಟ್ಟಿಯ ತಳಕ್ಕೆ ಹಾಕಿ ಅಂತ ಹುಡುಗರು ಕೆಲವರು ಕೇಳಿದರು. ನಾನು ಒಪ್ಪಲಿಲ್ಲ. ಮೇಲಿನ ಗುಂಪಿನವರು ಒಮ್ಮೆಲೇ ತಳಕ್ಕೆ ಬಂದರೆ ಅಲ್ಲಿ ಆಡುತ್ತಿರುವ ಹೊಸಬರಿಗೇ ಹೊಡೆತ. ಕೊನೆಗೆ ಹೀಗೆ ಮಾಡಿದೆವು: ಬಾರದಿದ್ದರೆ ಒಂದೇ ಗುಂಪು ಇಳಿಯುವುದು. ಶುಕ್ರವಾರ ಸಂಜೆಯೊಳಗೆ ಹೇಳಿ ಬದಲಿ ಆಟಗಾರರನ್ನು ಒಪ್ಪಿಸಿದರೆ ಇದ್ದಲ್ಲೇ ಇರಬಹುದು. ಡಿಸೆಂಬರ್, ಜನವರಿಯಲ್ಲಿ ಲ್ಯಾಡರ್ ಪೂರ್ತಿ ಬಂದ್.

ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಮೇಡಂ ಈ ಸಲ ಕೊನೆಯ ಗುಂಪಿನಲ್ಲಿ ಶುರು ಮಾಡಿದರು. ಜೋರು ಹೊಡೆತ ಅವರದ್ದಲ್ಲ. ಕಿಚನ್ ಗೆರೆಯ ಹತ್ತಿರ ನಿಂತು ಚೆಂಡನ್ನು ನೆಟ್‌ನಾಚೆ ಮೆಲ್ಲಗೆ ಇಳಿಸುತ್ತಾರೆ. ಜಿಮ್‌ಗೆ ಹೋಗುವ ಹುಡುಗರು ಅದನ್ನೂ ಜೋರಾಗಿ ಹೊಡೆಯಲು ಹೋಗಿ ನೆಟ್‌ಗೆ ಹಾಕುತ್ತಾರೆ. ಮೇಡಂ ಈಗ ಎರಡನೇ ಗುಂಪಿನಲ್ಲಿದ್ದಾರೆ. ನಾಕ್‌ಔಟ್ ಇದ್ದಿದ್ದರೆ ಅವರ ಆಟ ನಾವ್ಯಾರೂ ನೋಡುತ್ತಲೇ ಇರಲಿಲ್ಲ.

ಮಳೆಗಾಲಕ್ಕೆ ಹೊರಗಿನ ಕೋರ್ಟ್ ಸಿಗುವುದಿಲ್ಲ, ಒಳಗೆ ಇರುವುದು ಒಂದೇ. ಬ್ಯಾಡ್ಮಿಂಟನ್‌ನವರ ಸಮಯವನ್ನೂ ಕಸಿಯಬಾರದು. ಗುಂಪಿಗೊಂದು ಸಂಜೆ ಅಂತ ಹಂಚಿದ್ದೇನೆ. ಒಳಾಂಗಣಕ್ಕೆ 26 ತೂತಿನ ಚೆಂಡು ಬೇಕು, 40 ತೂತಿನವನ್ನು ಹೊರಗಿನ ಆಟಕ್ಕೆ ಎತ್ತಿಡೋಣ. ಆಡಬೇಕು ಅನ್ನುವವರು ಮೇ ಕೊನೆಯೊಳಗೆ ಹೆಸರು ಕೊಡಿ. ಬ್ಯಾಟ್ ಇಲ್ಲದಿದ್ದರೂ ಬನ್ನಿ, ಕ್ಲಬ್ಬಿನದ್ದಿದೆ.