ಶುಕ್ರವಾರ ಸಂಜೆ ರದ್ದಾಗುವ ಬುಕಿಂಗ್

ವಾರಾಂತ್ಯದ ಬುಕಿಂಗ್ ಶುಕ್ರವಾರ ಸಂಜೆ ರದ್ದಾದಾಗ ನಷ್ಟವಾಗುವುದು ಕೋಣೆಯ ಬಾಡಿಗೆಯಷ್ಟೇ ಅಲ್ಲ ಎಂಬುದನ್ನು ಮಡಿಕೇರಿಯ ಸುತ್ತಮುತ್ತ ಹೋಂಸ್ಟೇ ನಡೆಸುವ ನಮ್ಮಂಥವರೆಲ್ಲರೂ ಬಲ್ಲರು. ಅಷ್ಟರಲ್ಲಿ ಕಡಂಬುಟ್ಟು ಎಂಬ ಕಡುಬಿಗೆ ಅಕ್ಕಿ ತರಿ ಸಿದ್ಧವಾಗಿರುತ್ತದೆ, ಪಂದಿ ಕರಿಗೆ ಮಾಂಸ ತಂದಾಗಿರುತ್ತದೆ, ಅಡುಗೆಗೆ ನೆರವಾಗುವ ಅಕ್ಕ ಬೇರೆ ಕಡೆಯ ಕೆಲಸ ಬಿಟ್ಟು ಬರಲು ಒಪ್ಪಿರುತ್ತಾರೆ. ಅತಿಥಿಗಳ ಮುಂಗಡವನ್ನು ಪೂರ್ತಿ ಹಿಂದಿರುಗಿಸಿದರೂ ಆ ಅಕ್ಕನ ದಿನಗೂಲಿಯನ್ನು ನಾವು ಕೊಡಲೇಬೇಕು, ಕೊಡುತ್ತೇವೆ ಕೂಡ.

ಮಳೆಗೆ ಹೆದರಿ ರದ್ದು ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಕುಸಿದು, ಮಂಗಳೂರು ರಸ್ತೆಯೇ ಮುಚ್ಚಿಹೋದದ್ದನ್ನು ಕಂಡವರು ಯಾರನ್ನೂ ಘಾಟಿ ಹತ್ತಿ ಬನ್ನಿ ಎಂದು ಒತ್ತಾಯಿಸಲಾರರು.

ನಿಜವಾಗಿ ಮನಸ್ಸು ನೋಯುವುದು, ನಾಲ್ವರೆಂದು ಹೇಳಿ ಎಂಟು ಮಂದಿ ಬಂದು, ಗುರುತಿನ ಚೀಟಿ ಕೇಳಿದರೆ ಅವಮಾನವಾಯಿತೆಂಬಂತೆ ಮಾತನಾಡಿ, ನಡುರಾತ್ರಿಯವರೆಗೆ ಕಾರಿನ ಸ್ಪೀಕರ್ ಹಾಕಿ, ಕಾಫಿ ಗಿಡಗಳ ಬುಡದಲ್ಲಿ ಬಾಟಲಿ ಒಡೆದು ಹೋಗುವವರಿಂದ. ಆ ಗಾಜಿನ ಚೂರು ಚುಚ್ಚುವುದು ಮರುದಿನ ಕಳೆ ತೆಗೆಯಲು ಬರುವ ಹೆಂಗಸರ ಕಾಲಿಗೆ. ಗುರುತಿನ ಚೀಟಿ ಕೇಳುವುದು ಅನುಮಾನದಿಂದಲ್ಲ; ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕೆಂಬುದು ಕಾನೂನು, ನಮ್ಮ ದೇಶದವರ ವಿವರವೂ ರಿಜಿಸ್ಟರಿನಲ್ಲಿ ಇರಲೇಬೇಕು. ಇಷ್ಟನ್ನು ತಾಳ್ಮೆಯಿಂದ ವಿವರಿಸಿದ ಮೇಲೂ, ರಿಯಾಯಿತಿ ಕೊಡದಿದ್ದರೆ ಒಂದೇ ಸ್ಟಾರ್ ಕೊಡುತ್ತೇವೆಂದು ಹೆದರಿಸುವುದು ಅನ್ಯಾಯ.

ಬರಲಾಗದವರು ದಯವಿಟ್ಟು ಬುಧವಾರದೊಳಗೆ ಒಂದು ಫೋನ್ ಮಾಡಿ ತಿಳಿಸಿದರೆ, ಮುಂಗಡದಲ್ಲಿ ಒಂದು ರೂಪಾಯಿಯನ್ನೂ ನಾವು ಹಿಡಿದುಕೊಳ್ಳುವುದಿಲ್ಲ.