ಜಾಗರಣೆಗೆ ಜೂಡಸ್ ಪ್ರೀಸ್ಟ್

9 ಮಾರ್ಚ್ 2024, ಶನಿವಾರ

ಕಣ್ಣು ಉರೀತಿದೆ. ನಿನ್ನೆ ಶಿವರಾತ್ರಿ. ಹೆವಿ ಮೆಟಲ್, ಅಂದ್ರೆ ಅಬ್ಬರದ ಗಿಟಾರ್ ರಾಕ್, ನುಡಿಸೋ ಬ್ರಿಟನ್ನಿನ ಬ್ಯಾಂಡ್ ಜೂಡಸ್ ಪ್ರೀಸ್ಟ್‌ನ ಹೊಸ ಆಲ್ಬಮ್ 'ಇನ್‌ವಿನ್ಸಿಬಲ್ ಶೀಲ್ಡ್' ಬಂದಿದ್ದೂ ನಿನ್ನೆಯೇ. ಹಾಲ್‌ನಲ್ಲಿ ಅಮ್ಮ ಟಿವಿಗೆ ಭಜನೆ ಹಾಕಿಕೊಂಡು ಕೂತಿದ್ದರು, ರೂಮಿನಲ್ಲಿ ನಾನು ಹೆಡ್‌ಫೋನ್ ಹಾಕಿಕೊಂಡು. ಇಬ್ಬರದೂ ಜಾಗರಣೆಯೇ.

ಹನ್ನೊಂದು ಹಾಡು. ಎರಡನೇ ಸುತ್ತು ಮುಗಿಯುವ ಮೊದಲೇ ಗೆಳೆಯನ ಮೆಸೇಜ್ ಬಂತು: "ಮಗಾ, ಪೇನ್‌ಕಿಲ್ಲರ್ ಆದ್ಮೇಲೆ ಇದೇ ಬೆಸ್ಟು!" ನಗು ಬಂತು. 2018ರಲ್ಲಿ ಅವರ 'ಫೈರ್‌ಪವರ್' ಆಲ್ಬಮ್ ಬಂದಾಗಲೂ ಇದೇ ಮಾತು ಹೇಳಿದ್ದ. ಸುಳ್ಳೇಕೆ, ನಾನೂ ಹೇಳಿದ್ದೆ. ಅವರ 'ಪೇನ್‌ಕಿಲ್ಲರ್' ಆಲ್ಬಮ್ ಬಂದಿದ್ದು 1990ರಲ್ಲಿ. ಇವತ್ತಿಗೂ ಅದೇ ಸೇರಿನಲ್ಲಿ ಅಳೀತಿದ್ದೀವಿ.

ನಮ್ಮಪ್ಪನೂ ಹೀಗೇ. ಪ್ರತಿ ಶಿವರಾತ್ರಿಗೂ ತಂಬಿಟ್ಟು ಬಾಯಿಗೆ ಹಾಕಿಕೊಂಡು, "ಚೆನ್ನಾಗಿದೆ, ಆದ್ರೆ ನಮ್ಮಮ್ಮ ಮಾಡ್ತಿದ್ದ ಹಾಗಿಲ್ಲ" ಅಂತಾರೆ. ಅಮ್ಮ ಉತ್ತರ ಕೊಡೋದನ್ನೇ ಬಿಟ್ಟಿದ್ದಾರೆ.

ಮೊದಲ ಹಾಡು 'ಪ್ಯಾನಿಕ್ ಅಟ್ಯಾಕ್' ಶುರುವಾಗೋದೇ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಥರದ ಸದ್ದಿನಿಂದ. ಕೇಳಿದ ಕೂಡಲೇ 1986ರ ಅವರ 'ಟರ್ಬೊ' ಆಲ್ಬಮ್ ನೆನಪಾಗುತ್ತೆ. ಆಗ ಗಿಟಾರ್ ಸಿಂಥ್ ಬಳಸಿದ್ದಕ್ಕೆ ಅಭಿಮಾನಿಗಳು ಮುಖ ಸಿಂಡರಿಸಿದ್ದರು. ಇದು ಮೆಟಲ್ಲೇ ಅಲ್ಲ ಅಂದವರೂ ಇದ್ದರು. ಈಗ ಅದೇ ಸದ್ದಿಗೆ "ಆಹಾ, ಹಳೇ ಪ್ರೀಸ್ಟ್!" ಅಂತ ಖುಷಿ. ಬೈಸಿಕೊಂಡಿದ್ದೂ ಮೂವತ್ತೆಂಟು ವರ್ಷಕ್ಕೆ ಹಳೇ ಕಾಲದ ಚಿನ್ನ ಆಯ್ತು, ನೋಡಿ.

ಹೊಸ ಆಲ್ಬಮ್ ಹೇಗಿದೆ ಅಂತ ಹೇಳೋಕೆ ಇನ್ನೊಂದು ಕಷ್ಟ ಇದೆ. ಹಾಡೋ ರಾಬ್ ಹಾಲ್‌ಫರ್ಡ್‌ಗೆ 72 ವರ್ಷ. ಗಿಟಾರ್ ನುಡಿಸೋ ಗ್ಲೆನ್ ಟಿಪ್ಟನ್‌ಗೆ ಪಾರ್ಕಿನ್ಸನ್ ಕಾಯಿಲೆ. 2021ರಲ್ಲಿ ಇನ್ನೊಬ್ಬ ಗಿಟಾರಿಸ್ಟ್ ರಿಚಿ ಫಾಕ್ನರ್‌ಗೆ ವೇದಿಕೆ ಮೇಲೇ, ಅದೂ 'ಪೇನ್‌ಕಿಲ್ಲರ್' ಹಾಡು ನುಡಿಸ್ತಿರುವಾಗಲೇ, ಹೃದಯದ ದೊಡ್ಡ ರಕ್ತನಾಳ ಒಡೆದಿತ್ತು. ಇದೆಲ್ಲ ಗೊತ್ತಿದ್ದ ಮೇಲೆ ಮಾರ್ಕ್ಸ್ ಕಳೆಯೋಕೆ ಕೈ ಬರಲ್ಲ. ಎಲ್ಲರೂ ಗ್ರೇಸ್ ಮಾರ್ಕ್ಸ್ ಹಾಕಿಬಿಡ್ತೀವಿ. "ಈ ವಯಸ್ಸಲ್ಲಿ ಹೀಗೆ ಕಿರುಚ್ತಾರಲ್ಲ!" ಅನ್ನೋದು ಹೊಗಳಿಕೆ ಥರ ಕೇಳಿಸುತ್ತೆ, ಆದರೆ ಹಾಡು ಹೇಗಿದೆ ಅಂತ ಅದರಲ್ಲಿ ಒಂದಕ್ಷರವೂ ಇಲ್ಲ.

'ಕ್ರೌನ್ ಆಫ್ ಹಾರ್ನ್ಸ್' ಹಾಡಿಗೆ ಮಾತ್ರ ಗ್ರೇಸ್ ಬೇಕಾಗಲಿಲ್ಲ. ಹಾಲ್‌ಫರ್ಡ್ ಇಲ್ಲಿ ಕಿರುಚೋದೇ ಇಲ್ಲ ಅನ್ನಬಹುದು. ದನಿ ಇಳಿಸಿ, ಸಮಾಧಾನವಾಗಿ ಹಾಡ್ತಾರೆ. ರಾತ್ರಿ ಎರಡು ಗಂಟೆಗೆ ಮೂರು ಸಲ ಹಾಕಿಕೊಂಡೆ. ಅವರ ವಯಸ್ಸು ತಲೆಗೇ ಬರಲಿಲ್ಲ.

ಬೆಳಿಗ್ಗೆ ಫೋನ್ ತೆಗೆದು ನೋಡಿದೆ. 'ಫೈರ್‌ಪವರ್'ನ ಹದಿನಾಲ್ಕು ಹಾಡಲ್ಲಿ ನನ್ನ ಪಟ್ಟಿಯಲ್ಲಿ ಉಳಿದಿರೋದು ಮೂರೇ. ಗೆಳೆಯನಿಗೆ ಬರೆದೆ: "ಮುಂದಿನ ಶಿವರಾತ್ರಿಗೆ ಕೇಳು, ಆಗ ಹೇಳ್ತೀನಿ."

"ಪಾಪ ಕಣೋ, ಆ ವಯಸ್ಸಲ್ಲಿ ಅಷ್ಟು ಮಾಡಿದ್ದಾರೆ" ಅಂದ.