ಹಳ್ಳಿಯಲ್ಲಿ ಹೊತ್ತು ಹೇಗೆ ಹೋಗುತ್ತೆ ಅಂತ ಕೇಳುವವರಿಗೆ

"ಹಳ್ಳಿಯಲ್ಲಿ ಬೇಜಾರಾಗಲ್ವಾ? ಹೊತ್ತು ಹೇಗೆ ಹೋಗುತ್ತೆ?"

ಫೋನಿನಲ್ಲಿ, ಬಸ್ಸಿನಲ್ಲಿ, ನೆಂಟರ ಮನೆಯಲ್ಲಿ, ಎಲ್ಲಿ ಹೋದರೂ ಇದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಸಲ ಬರೆದು ಇಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಇಲ್ಲ, ಬೇಜಾರಾಗಲ್ಲ. ಅದರಲ್ಲೂ ಶರತ್ಕಾಲ ಶುರುವಾಗುವ ಈ ದಿನಗಳಲ್ಲಿ ಬೇಜಾರಾಗಲು ಪುರುಸೊತ್ತೇ ಸಿಗುವುದಿಲ್ಲ.

ಪ್ರಶ್ನೆಗಿಂತ ಅದನ್ನು ಕೇಳುವ ದನಿ ನನಗೆ ಹಿಡಿಸುವುದಿಲ್ಲ. ಕಾಯಿಲೆಯವರನ್ನು ವಿಚಾರಿಸುವ ಹಾಗೆ ತಲೆ ಒಂದು ಕಡೆ ವಾಲಿಸಿ, ಮೆತ್ತಗೆ ಕೇಳುತ್ತಾರೆ. ಅಲ್ಲ, ನನಗೇನಾಗಿದೆ ಈಗ?

ಹೋದ ವರ್ಷ ಇದೇ ಹೊತ್ತಿಗೆ ಒಬ್ಬರು ಬಂದಿದ್ದರು, ಪುಟ್ಟ ಮಗಳನ್ನೂ ಕರೆದುಕೊಂಡು. ಬೆಳಿಗ್ಗೆ ಎದ್ದವರೇ ಸಿಗ್ನಲ್ ಹುಡುಕುತ್ತಾ ಹೊಲದ ಬದುವಿನ ಮೇಲೆ ಹತ್ತಿದರು. ಫೋನು ಹಿಡಿದ ಕೈ ಮೇಲಕ್ಕೆ. ಅಲ್ಲಿಂದಲೇ ಕೇಳಿದರು, "ಇಲ್ಲಿ ನೋಡೋದಕ್ಕೆ ಏನೂ ಇಲ್ವಲ್ಲ, ದಿನಾ ಏನು ಮಾಡ್ತೀರಿ?" ಅವರ ಬೆನ್ನ ಹಿಂದೆ ಬೇಲಿಯ ಉದ್ದಕ್ಕೂ ಜೇಡರ ಬಲೆಗಳು. ಎಳೆ ಎಳೆಗೂ ಇಬ್ಬನಿ ಕಟ್ಟಿ, ಬಿಸಿಲು ಬಿದ್ದು, ಇಡೀ ಬೇಲಿ ಹೊಳೆಯುತ್ತಿತ್ತು.

ಮಗಳು ಮಾತ್ರ ಒಂದು ಬಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದಳು. "ಇದನ್ನ ಯಾವಾಗ ಕಟ್ತು?" ಅಂದಳು. ರಾತ್ರಿ ಕಟ್ಟಿರುತ್ತದೆ, ಹೀಗೆ ಚಕ್ರದ ಹಾಗಿನ ಬಲೆ ಕಟ್ಟುವ ಎಷ್ಟೋ ಜೇಡಗಳು ಹಳೇ ಬಲೆಯನ್ನು ತಾವೇ ತಿಂದು ಮತ್ತೆ ಹೊಸದು ನೇಯುತ್ತವೆ ಅಂದೆ. ಅವಳು ಯೋಚಿಸಿ ಕೇಳಿದಳು, "ಹಾಗಾದ್ರೆ ನಾಳೆ ಬೇರೆ ಇರುತ್ತಾ?"

ಎಲ್ಲರೂ ನನ್ನನ್ನು ಇದನ್ನು ಕೇಳಬೇಕಿತ್ತು. ನಿನ್ನೆಗಿಂತ ಇವತ್ತು ಬೇರೆ ಏನಿದೆ ಅಂತ. ಇದಕ್ಕಾದರೆ ಎಷ್ಟು ಹೊತ್ತು ಬೇಕಾದರೂ ಉತ್ತರ ಹೇಳುತ್ತೇನೆ.

ಸೂರ್ಯ ಮುಳುಗುವ ಜಾಗ ಬೇರೆ ಇದೆ. ಉತ್ತರಾರ್ಧಗೋಳದಲ್ಲಿ ಖಗೋಳದ ಲೆಕ್ಕದ ಪ್ರಕಾರ ಶರತ್ಕಾಲ ಶುರುವಾಗುವುದು ಸೆಪ್ಟೆಂಬರ್ 22 ಅಥವಾ 23ರಂದು. ಆ ದಿನ ಸೂರ್ಯ ಸರಿಯಾಗಿ ಪೂರ್ವಕ್ಕೆ ಹುಟ್ಟಿ ಸರಿಯಾಗಿ ಪಶ್ಚಿಮಕ್ಕೆ ಮುಳುಗುತ್ತಾನೆ. ಜೂನ್ ಕೊನೆಯಲ್ಲಿ ಈ ಜಾಗ ಕದಲುವುದೇ ಗೊತ್ತಾಗುವುದಿಲ್ಲ. ಈಗ ಹಾಗಲ್ಲ. ದಿನಕ್ಕೆ ಕಡಿಮೆ ಅಂದರೂ ಸೂರ್ಯನ ಬಿಂಬದ ಮುಕ್ಕಾಲು ಭಾಗದಷ್ಟು ದಕ್ಷಿಣಕ್ಕೆ ಸರಿಯುತ್ತದೆ. ದೂರದ ಒಂದು ಮರವನ್ನು ಗುರುತಿಟ್ಟುಕೊಳ್ಳಿ. ವಾರ ಕಳೆಯುವುದರೊಳಗೆ ಸೂರ್ಯ ಮರದ ಆ ಕಡೆಯಿಂದ ಈ ಕಡೆಗೆ ಬಂದಿರುತ್ತಾನೆ. ಹಗಲೂ ಅಷ್ಟೇ, ವರ್ಷದಲ್ಲೇ ಅತಿ ಬೇಗ ಕುಗ್ಗುವುದು ಈಗ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಇದು ಜಾಸ್ತಿ. 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ದಿನಕ್ಕೆ ಮೂರೂವರೆ ನಿಮಿಷಕ್ಕೂ ಹೆಚ್ಚು.

ಇಬ್ಬನಿಯೂ ದಿನಾ ಒಂದೇ ಥರ ಇರುವುದಿಲ್ಲ. ರಾತ್ರಿ ಆಕಾಶ ತಿಳಿಯಾಗಿದ್ದು ಗಾಳಿ ಇಲ್ಲದಿದ್ದರೆ ಹುಲ್ಲು ತನ್ನ ಬಿಸಿಯನ್ನು ಮೇಲಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಗಾಳಿಯಲ್ಲಿದ್ದ ನೀರಿನ ಆವಿ ಅದರ ಮೇಲೆ ಹನಿಯಾಗುತ್ತದೆ. ಮೋಡ ಮುಚ್ಚಿದ್ದರೆ ಅಷ್ಟು ತಣ್ಣಗಾಗಲ್ಲ, ಹುಲ್ಲು ಹೆಚ್ಚುಕಡಿಮೆ ಒಣಗೇ ಇರುತ್ತದೆ. ಹಾಗಾಗಿ ಬೆಳಿಗ್ಗೆ ಬರಿಗಾಲಲ್ಲಿ ಎರಡು ಹೆಜ್ಜೆ ಇಟ್ಟರೆ ಸಾಕು, ರಾತ್ರಿ ಆಕಾಶ ಹೇಗಿತ್ತು ಅಂತ ನನಗೆ ಗೊತ್ತಾಗುತ್ತದೆ. ಈ ಸಣ್ಣ ವಿಷಯ ನನಗೆ ಕೊಡುವಷ್ಟು ಖುಷಿಯನ್ನು ಬೇರೆ ಯಾವುದೂ ಕೊಡುವುದಿಲ್ಲ. ಇದನ್ನು ಸುಮ್ನೆ ಹೇಳುತ್ತಿಲ್ಲ.

ಕೆಲವರು ಕೆಂಪು ಎಲೆಯ ಫೋಟೋ ಕಳಿಸಿ "ಶರತ್ಕಾಲ ಅಂದ್ರೆ ಇದು" ಅನ್ನುತ್ತಾರೆ. ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲೂ ನನಗೆ ಇಷ್ಟ ಹಳದಿ ಎಲೆ. ಆ ಹಳದಿ ಮೊದಲಿಂದಲೂ ಎಲೆಯೊಳಗೇ ಇತ್ತು, ಹಸಿರು ಕರಗಿದ ಮೇಲೆ ಕಾಣಿಸುತ್ತದೆ. ಕೆಂಪನ್ನು ಮಾತ್ರ ಎಲೆ ಈಗ ಹೊಸದಾಗಿ ಮಾಡಿಕೊಳ್ಳುತ್ತದೆ.

ಇಷ್ಟು ಹೇಳಿದ ಮೇಲೂ "ಸೂರ್ಯ ಪಟ್ಟಣದಲ್ಲೂ ಮುಳುಗ್ತಾನೆ ಅಲ್ವಾ?" ಅನ್ನುವವರಿದ್ದಾರೆ. ಮುಳುಗುತ್ತಾನೆ. ಎಲ್ಲಿ ಅಂತ ನಿಮಗೆ ಕಾಣುತ್ತದಾ? ನನಗೆ ಕಾಣುತ್ತದೆ. ಆಸ್ಪತ್ರೆ ದೂರ, ಬಸ್ಸು ಕಡಿಮೆ ಅನ್ನುವುದೂ ನಿಜ. ಅದು ಕಷ್ಟ, ನಾನು ಮುಚ್ಚಿಡುವುದಿಲ್ಲ. ಆದರೆ ನೀವು ಕೇಳಿದ್ದು ಬೇಜಾರಿನ ಬಗ್ಗೆ.

ಇನ್ನೂ ನಂಬಿಕೆ ಬರದಿದ್ದರೆ ಬನ್ನಿ. ಹಿಂದಿನ ದಿನವೇ ಬಂದು ಉಳಿದುಕೊಳ್ಳಿ. ಸೂರ್ಯ ಹುಟ್ಟುವಾಗ ಎದ್ದು, ಬಿಸಿಲು ಎದುರಿಗೆ ಬರುವ ಹಾಗೆ ಬೇಲಿಯ ಮುಂದೆ ನಿಂತುಕೊಳ್ಳಿ. ಆಗಲೇ ಬಲೆಗಳು ಚೆನ್ನಾಗಿ ಕಾಣುವುದು. ತಡವಾಗಿ ಎದ್ದರೆ ಇಬ್ಬನಿ ಆರಿರುತ್ತದೆ, ಆಮೇಲೆ ಇಲ್ಲಿ ಏನೂ ಇಲ್ಲ ಅಂತ ನನಗೆ ಹೇಳಬೇಡಿ.